ನಿಮ್ಮ ಪ್ರಶ್ನೆ, ನಮ್ಮ ಉತ್ತರ: 320 ಅಂತ ಬರೆದಿದ್ದರೂ ರೇಡಿಯೋ ಯಾಕೆ ತಗಡಿನ ಹಾಗೆ ಕೇಳಿಸುತ್ತದೆ?

ಕಳೆದ ಸಂಚಿಕೆಯಲ್ಲಿ ಇಂಟರ್ನೆಟ್ ರೇಡಿಯೋ ಬಗ್ಗೆ ನಾಲ್ಕು ಸಾಲಿನ ಉತ್ತರ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ದೂರು: ಸ್ಟೇಷನ್ ಸಾವಿರಾರು ಸಿಗುತ್ತವೆ, ಕಿವಿಗೆ ಹಿತವಾಗಿರೋದು ಮಾತ್ರ ಸಿಗೋಲ್ಲ. ಹಾಗಾಗಿ ಈ ಸಲ ಪೂರ್ತಿ ಜಾಗ ಅದಕ್ಕೇ ಕೊಟ್ಟಿದ್ದೇನೆ. ಇನ್ವರ್ಟರ್ ಬ್ಯಾಟರಿ ಬಗ್ಗೆ ಕೇಳಿದವರು ದಯವಿಟ್ಟು ಮುಂದಿನ ತಿಂಗಳವರೆಗೆ ಕಾಯಿರಿ.

ಪ್ರಶ್ನೆ: ಮನೆಗೆ ಹೋದ ವರ್ಷ ಫೈಬರ್ ಬಂತು. ಮಗ ಬೆಂಗಳೂರಿಂದ ಒಂದು ಜೊತೆ ಒಳ್ಳೇ ಸ್ಪೀಕರ್ ತಂದುಕೊಟ್ಟಿದ್ದಾನೆ, ಲ್ಯಾಪ್‌ಟಾಪ್‌ಗೆ ವೈರ್ ಹಾಕಿ ಕೇಳುತ್ತೇನೆ. ಒಂದು ಸ್ಟೇಷನ್ ಹಾಕಿದರೆ ಸಭೆಯ ಮುಂದಿನ ಸಾಲಿನಲ್ಲಿ ಕೂತ ಹಾಗಿರುತ್ತದೆ, ಇನ್ನೊಂದು ಹಾಕಿದರೆ ಎಣ್ಣೆ ಡಬ್ಬಿಯೊಳಗೆ ಕೂತು ಹಾಡಿದ ಹಾಗೆ. ನೆಟ್ ಅದೇ, ಸ್ಪೀಕರ್ ಅದೇ. ಒಳ್ಳೆಯದನ್ನು ಹುಡುಕುವುದು ಹೇಗೆ?
– ನಿವೃತ್ತ ಶಿಕ್ಷಕರು, ಶಿರಸಿ

ಉತ್ತರ: ಮೇಷ್ಟ್ರೇ, ತಪ್ಪು ನಿಮ್ಮ ಮನೆಯದ್ದಲ್ಲ ಅನ್ನೋದನ್ನು ನೀವೇ ಅರ್ಧ ಕಂಡುಹಿಡಿದಿದ್ದೀರಿ. ಉಳಿದರ್ಧ ನಾನು ಹೇಳುತ್ತೇನೆ.

ಒಂದು ಸಿ.ಡಿ.ಯಲ್ಲಿ ಒಂದು ಸೆಕೆಂಡಿನ ಸಂಗೀತಕ್ಕೆ 1,411 ಕಿಲೋಬಿಟ್ ಬೇಕು. ಅಷ್ಟನ್ನೂ ಕೇಳುಗರೆಲ್ಲರಿಗೆ ಕಳಿಸಬೇಕಾದರೆ ಸ್ಟೇಷನ್‌ನವರ ಜೇಬು ಖಾಲಿಯಾಗುತ್ತದೆ. ಅದಕ್ಕೆ ಅವರು ಕಿವಿಗೆ ಗೊತ್ತಾಗದಿರುವ ಅಂಶಗಳನ್ನು ಹುಡುಕಿ ತೆಗೆದುಹಾಕಿ ಉಳಿದಿದ್ದನ್ನು ಕಳಿಸುತ್ತಾರೆ. ಸೆಕೆಂಡಿಗೆ ಎಷ್ಟು ಕಳಿಸುತ್ತಾರೆ ಅನ್ನೋದೇ ಬಿಟ್‌ರೇಟ್. 128 ಕೆಬಿಪಿಎಸ್ (ಸೆಕೆಂಡಿಗೆ 128 ಕಿಲೋಬಿಟ್) ಅಂದರೆ ಸಿ.ಡಿ.ಯ ಹನ್ನೊಂದನೇ ಒಂದು ಪಾಲು. ಯಾವ ವಿಧಾನದಲ್ಲಿ ಕಿರಿದು ಮಾಡಿದ್ದಾರೆ ಅನ್ನೋದು ಕೋಡೆಕ್. ಎಂಪಿ3 ಹಳೆಯದು, ಎಎಸಿ ಅದಕ್ಕಿಂತ ಜಾಣ, 2012ರಲ್ಲಿ ಬಂದ ಓಪಸ್ ಇನ್ನೂ ಜಾಣ. ಹಾಗಾಗಿ 128ರ ಎಎಸಿ ಸಾಮಾನ್ಯವಾಗಿ 128ರ ಎಂಪಿ3ಗಿಂತ ಚೆನ್ನಾಗಿರುತ್ತದೆ. ನನ್ನ ಕೈಯಳತೆ ಹೀಗಿದೆ: ಎಂಪಿ3 ಆದರೆ 192ಕ್ಕಿಂತ ಕೆಳಗೆ ಬೇಡ, ಎಎಸಿ ಆದರೆ 128ಕ್ಕಿಂತ ಕೆಳಗೆ ಬೇಡ. ಇದು ಸಂಗೀತಕ್ಕೆ. ವಾರ್ತೆ, ಹರಟೆಗೆ 48 ಇದ್ದರೂ ಸಾಕು.

ಇನ್ನು ಹುಡುಕುವ ವಿಷಯ. ಬಹಳ ಜನ ಮಾಡುವ ತಪ್ಪು ಅಂದರೆ ಫೋನಿನ ಯಾವುದೋ ಒಂದು ರೇಡಿಯೋ ಆ್ಯಪ್ ತೆರೆದು, ಅಲ್ಲಿ ಕಂಡ ಸ್ಟೇಷನ್ ಒತ್ತಿ, ಕೇಳಿದ್ದೇ ಆ ಸ್ಟೇಷನ್ನಿನ ನಿಜವಾದ ಧ್ವನಿ ಅಂದುಕೊಳ್ಳುವುದು. ಒಂದೇ ಸ್ಟೇಷನ್ ಮೂರು ನಾಲ್ಕು ಸ್ಟ್ರೀಮ್, ಅಂದರೆ ಅದೇ ಕಾರ್ಯಕ್ರಮವನ್ನು ಬೇರೆ ಬೇರೆ ಬಿಟ್‌ರೇಟಿನಲ್ಲಿ, ಇಟ್ಟಿರುತ್ತದೆ. ಫ್ರಾನ್ಸ್‌ನ ಸರಕಾರಿ ರೇಡಿಯೋದ ಫಿಪ್ ಅನ್ನುವ ಕೇಂದ್ರವನ್ನೇ ತೆಗೆದುಕೊಳ್ಳಿ. ಅವರ ಸ್ಟ್ರೀಮ್ ವಿಳಾಸಗಳಲ್ಲೇ ಹೈಫೈ, ಮಿಡ್‌ಫೈ, ಲೋಫೈ ಅಂತ ಬರೆದಿರುತ್ತದೆ. ಹೈಫೈ 192ರ ಎಎಸಿ, ಮಿಡ್‌ಫೈ 128ರ ಎಂಪಿ3, ಲೋಫೈ ಹಳ್ಳಿಯ ಮೂಲೆಯಲ್ಲಿ ಒಂದೇ ಕಡ್ಡಿ ಸಿಗ್ನಲ್ ಇರುವವರಿಗೆ. ಆ್ಯಪ್ ಮಾಡಿದವರು ಎಲ್ಲರಿಗೂ ತಡೆಯಿಲ್ಲದೆ ಓಡಲಿ ಅಂತ ಸಣ್ಣದನ್ನೇ ಹಾಕಿಬಿಟ್ಟಿದ್ದರೆ ನೀವು ಫಿಪ್ ಕೇಳಿ ‘ಇದೇನು ಇಷ್ಟೇನಾ’ ಅಂತ ಮುಂದೆ ಹೋಗುತ್ತೀರಿ. ಆದ್ದರಿಂದ ಸ್ಟೇಷನ್ ಇಷ್ಟವಾದರೆ ಅದರ ಸ್ವಂತ ವೆಬ್‌ಸೈಟಿಗೆ ಹೋಗಿ. ‘ಕೇಳುವುದು ಹೇಗೆ’ ಅನ್ನುವ ಅರ್ಥದ ಒಂದು ಪುಟ ಎಲ್ಲೋ ಮೂಲೆಯಲ್ಲಿ ಇರುತ್ತದೆ. ಎಲ್ಲಾ ಸ್ಟ್ರೀಮ್‌ಗಳ ಪಟ್ಟಿ ಅಲ್ಲಿ ಸಿಗುತ್ತದೆ. ಕೆಲವು ಸಲ ಒತ್ತಿದರೆ ಹಾಡು ಬರೋಲ್ಲ, ಪಿಎಲ್‌ಎಸ್ ಅಥವಾ ಎಂ3ಯು ಅನ್ನುವ ಒಂದು ಸಣ್ಣ ಫೈಲ್ ಇಳಿಯುತ್ತದೆ. ಗಾಬರಿ ಬೇಡ. ಅದು ಬರೀ ಚೀಟಿ. ನೋಟ್‌ಪ್ಯಾಡಿನಲ್ಲಿ ತೆರೆದರೆ ಒಳಗೆ ವಿಳಾಸ ಇರುತ್ತದೆ.

ಯಾವ ಸ್ಟೇಷನ್ ಅಂತಲೇ ಗೊತ್ತಿಲ್ಲದಿದ್ದರೆ ರೇಡಿಯೋ ಬ್ರೌಸರ್ ಅನ್ನುವ ಪಟ್ಟಿ ನೋಡಿ. ವಿಕಿಪೀಡಿಯದ ಹಾಗೆ ಜನರೇ ಸೇರಿಸಿ ಬೆಳೆಸಿದ್ದು, ದುಡ್ಡು ಕೇಳೋಲ್ಲ. ಪ್ರತಿ ಸ್ಟೇಷನ್ ಪಕ್ಕ ಕೋಡೆಕ್ ಮತ್ತು ಬಿಟ್‌ರೇಟ್ ಬರೆದಿರುತ್ತದೆ, ಬಿಟ್‌ರೇಟ್ ಪ್ರಕಾರ ಜೋಡಿಸಿಯೂ ನೋಡಬಹುದು. ಕೆಲವು ಕಡೆ ಬಿಟ್‌ರೇಟ್ 0 ಅಂತ ಕಾಣುತ್ತದೆ. ಅಂದರೆ ಅದಕ್ಕೆ ಗೊತ್ತಾಗಿಲ್ಲ ಅಂತಷ್ಟೇ, ಸ್ಟೇಷನ್ ಕೆಟ್ಟದ್ದು ಅಂತಲ್ಲ. ಭೂಗೋಳ ತಿರುಗಿಸುತ್ತಾ ಊರೂರಿನ ರೇಡಿಯೋ ಕೇಳುವ ರೇಡಿಯೋ ಗಾರ್ಡನ್ ಇದೆಯಲ್ಲ, ಅದು ಮಜಾ ಕೊಡುತ್ತದೆ, ಮೊಮ್ಮಕ್ಕಳಿಗೆ ಭೂಗೋಳ ಪಾಠಕ್ಕೂ ಆಗುತ್ತದೆ. ಆದರೆ ಗುಣಮಟ್ಟ ಹುಡುಕೋಕೆ ಅದು ಸರಿಯಾದ ಜಾಗ ಅಲ್ಲ.

ವಿಳಾಸ ಸಿಕ್ಕ ಮೇಲೆ ಲ್ಯಾಪ್‌ಟಾಪಿನಲ್ಲಿ ವಿಎಲ್‌ಸಿ ಅನ್ನುವ ಉಚಿತ ಪ್ಲೇಯರ್ ತೆರೆದು ಕಂಟ್ರೋಲ್ ಮತ್ತು ಎನ್ ಒತ್ತಿ, ವಿಳಾಸ ಅಂಟಿಸಿ, ಓಡಿಸಿ. ಆಮೇಲೆ ಕಂಟ್ರೋಲ್ ಮತ್ತು ಜೆ ಒತ್ತಿದರೆ ಕೋಡೆಕ್ ಯಾವುದು, ನಿಜಕ್ಕೂ ಎಷ್ಟು ಬರುತ್ತಿದೆ ಅನ್ನೋದನ್ನು ಅದೇ ತೋರಿಸುತ್ತದೆ. ಹೊರಗಿನ ಬೋರ್ಡಿನಲ್ಲಿ ಏನೇ ಬರೆದಿರಲಿ, ತಕ್ಕಡಿ ಇಲ್ಲಿದೆ.

ಇನ್ನು ಹೆಸರುಗಳು. ಕ್ಯಾಲಿಫೋರ್ನಿಯದ ರೇಡಿಯೋ ಪ್ಯಾರಡೈಸ್‌ನಿಂದ ಶುರುಮಾಡಿ. ಬಿಲ್ ಗೋಲ್ಡ್‌ಸ್ಮಿತ್ ಅಂತ ಹಳೇ ಎಫ್‌ಎಂ ನಿರೂಪಕರು, 1995ರಲ್ಲೇ ತಮ್ಮ ಎಫ್‌ಎಂ ಕೇಂದ್ರವನ್ನು ಇಂಟರ್ನೆಟ್‌ಗೆ ಏರಿಸಿದವರಲ್ಲಿ ಒಬ್ಬರು. 2000ದಲ್ಲಿ ಹೆಂಡತಿ ರೆಬೆಕಾ ಜೊತೆ ಸೇರಿ ಇದನ್ನು ಕಟ್ಟಿದರು. ಹೆಸರು ಬಂದಿದ್ದು ಆಗ ಅವರಿದ್ದ ಪ್ಯಾರಡೈಸ್ ಎಂಬ ಊರಿನಿಂದ. ಜಾಹೀರಾತು ಇಲ್ಲ, ಕೇಳುಗರು ಕೊಡುವ ದುಡ್ಡಿನಲ್ಲೇ ನಡೆಯುತ್ತದೆ. 320ರ ಎಎಸಿ ಇದೆ, ಬೇಕಾದರೆ ಒಂದು ಬಿಟ್ಟೂ ಬಿಡದ ಫ್ಲ್ಯಾಕ್ ಕೂಡ ಇದೆ. ಸ್ಯಾನ್‌ಫ್ರಾನ್ಸಿಸ್ಕೋದ ಸೋಮಾ ಎಫ್‌ಎಂ ಕೂಡ 2000ದ್ದೇ, ಅದೂ ಕೇಳುಗರ ದುಡ್ಡಿನದ್ದೇ. ಅವರ ಮೂವತ್ತಕ್ಕೂ ಹೆಚ್ಚು ಚಾನೆಲ್‌ಗಳಲ್ಲಿ ಒಂದರ ಹೆಸರು ‘ಸಬರ್ಬ್ಸ್ ಆಫ್ ಗೋವಾ’. ಕಾರವಾರದವರು ಕೋಪ ಮಾಡಿಕೊಳ್ಳಬೇಡಿ, ಅಲ್ಲಿ ಬರೋದು ನಮ್ಮ ಕಡೆಯ ವಾದ್ಯಗಳ ವಾಸನೆ ಇರುವ ಸಂಗೀತ. ಸ್ಕಾಟ್ಲೆಂಡಿನ ಲಿನ್ ಅನ್ನುವ ಹೈಫೈ ಕಂಪನಿಯವರದ್ದು ಲಿನ್ ಜಾಝ್, ಲಿನ್ ಕ್ಲಾಸಿಕಲ್ ಅಂತ 320ರ ಸ್ಟ್ರೀಮ್‌ಗಳು. ಸ್ಪೀಕರ್, ಆಂಪ್ಲಿಫೈಯರ್ ಮಾರುವವರು ತಮ್ಮದೇ ರೇಡಿಯೋದಲ್ಲಿ ಕೆಟ್ಟ ಧ್ವನಿ ಕೊಟ್ಟರೆ ಮರ್ಯಾದೆ ಹೋಗುತ್ತದಲ್ಲ! ಬಿಬಿಸಿಯ ರೇಡಿಯೋ 3 ಬ್ರಿಟನ್ನಿನ ಒಳಗೆ 320ರ ಎಎಸಿ ಕೊಡುತ್ತದೆ. ಆದರೆ ಆ ಪುಣ್ಯ ಅಲ್ಲಿರುವವರಿಗೆ ಮಾತ್ರ, ಶಿರಸಿಗೆ ಇಲ್ಲ.

ಕೊನೆಗೆ ಸ್ವಿಟ್ಜರ್ಲೆಂಡಿನ ರೇಡಿಯೋ ಸ್ವಿಸ್ ಜಾಝ್ ಮತ್ತು ಸ್ವಿಸ್ ಕ್ಲಾಸಿಕ್. ಇದನ್ನು ಬೇಕಂತಲೇ ಕೊನೆಗೆ ಇಟ್ಟೆ. ಸಿಗುವುದರಲ್ಲಿ ದೊಡ್ಡದು ಅಂದರೂ 128ರ ಎಂಪಿ3, ಅಂದರೆ ನಾನೇ ಮೇಲೆ ಹಾಕಿದ ಗೆರೆಗಿಂತ ಕೆಳಗೆ. ಆದರೂ 320 ಅಂತ ಬೋರ್ಡು ಹಾಕಿಕೊಂಡ ಎಷ್ಟೋ ಸ್ಟೇಷನ್‌ಗಳಿಗಿಂತ ಶುಭ್ರವಾಗಿ ಕೇಳಿಸುತ್ತದೆ. ಯಾಕೆ ಅನ್ನೋದಕ್ಕೆ ಮುಂದಿನ ಪತ್ರ ನೋಡಿ.

ಪ್ರಶ್ನೆ: ನಾನು ವೀಣೆ ಕಲಿಯುತ್ತಿದ್ದೇನೆ. ಅಡುಗೆ ಮಾಡುವಾಗ ಕರ್ನಾಟಕ ಸಂಗೀತದ ಒಂದು ಇಂಟರ್ನೆಟ್ ರೇಡಿಯೋ ಹಾಕಿರುತ್ತೇನೆ. 320 ಕೆಬಿಪಿಎಸ್ ಎಚ್‌ಡಿ ಅಂತ ದೊಡ್ಡದಾಗಿ ಬರೆದುಕೊಂಡಿದ್ದಾರೆ. ಆದರೆ ತಂಬೂರಿ ನೀರಿನೊಳಗೆ ನುಡಿಸಿದ ಹಾಗೆ ಗುಳುಗುಳು ಅನ್ನುತ್ತದೆ. ನನ್ನ ವೀಣೆ ಮೇಷ್ಟ್ರ ಮನೆಯ ತಂಬೂರಿ ಹಾಗೆ ಕೇಳೋದಿಲ್ಲ. ಕಿವಿ ನನ್ನದೇ ಕೆಟ್ಟಿದೆಯಾ?
– ಓದುಗ ಗೃಹಿಣಿ, ಮೈಸೂರು

ಉತ್ತರ: ಅಕ್ಕಾ, ನಿಮ್ಮ ಕಿವಿ ಚೆನ್ನಾಗಿದೆ. ಕೆಟ್ಟಿರುವುದು ಅವರ ಬೋರ್ಡು.

ಇದು ನನಗೂ ಆಗಿದೆ. ಎರಡು ವರ್ಷದ ಹಿಂದೆ ಇಂಥದ್ದೇ ಒಂದು ಸ್ಟೇಷನ್ನಿಗೆ, ಹೆಸರು ಬೇಡ, ಒಂದು ವರ್ಷದ ಚಂದಾ ಕಟ್ಟಿದ್ದೆ. ವಿಎಲ್‌ಸಿಯಲ್ಲಿ ನೋಡಿದರೆ ನಿಜಕ್ಕೂ 320 ಬರುತ್ತಿತ್ತು. ಆದರೂ ತಾಳದ ಸದ್ದು ಕಾಗದ ಹರಿದ ಹಾಗೆ. ಒಂದು ನಿಮಿಷ ರೆಕಾರ್ಡ್ ಮಾಡಿ ಆಡಾಸಿಟಿ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ತೆರೆದು, ಯಾವ ಎತ್ತರದ ಸ್ವರ ಎಷ್ಟಿದೆ ಅಂತ ಬಣ್ಣದಲ್ಲಿ ತೋರಿಸುವ ಸ್ಪೆಕ್ಟ್ರೋಗ್ರಾಮ್ ನೋಟಕ್ಕೆ ಬದಲಿಸಿದೆ. ಕೆಳಗೆ ಬಣ್ಣ ತುಂಬಿದೆ, 16 ಕಿಲೋಹರ್ಟ್ಜ್ ಹತ್ತಿರ ಕತ್ತಿಯಿಂದ ಕಡಿದ ಹಾಗೆ ಗೆರೆ, ಮೇಲೆ ಪೂರಾ ಕಪ್ಪು. 128ರ ಎಂಪಿ3 ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತದೆ. ನಿಜವಾದ 320 ಆದರೆ ಸುಮಾರು 20ರವರೆಗೆ ಹೋಗಬೇಕಿತ್ತು. ಅಂದರೆ ಅವರ ಹತ್ತಿರ ಇದ್ದದ್ದೇ ಎಲ್ಲೆಲ್ಲಿಂದಲೋ ಇಳಿಸಿಕೊಂಡ 128ರ ಫೈಲ್‌ಗಳು. ಅದನ್ನೇ ಮತ್ತೆ 320ಕ್ಕೆ ಏರಿಸಿ ಕಳಿಸುತ್ತಿದ್ದರು. ನೀರು ಬೆರೆಸಿದ ಹಾಲನ್ನು ಎಷ್ಟು ದೊಡ್ಡ ಕ್ಯಾನಿಗೆ ಸುರಿದರೂ ಕೆನೆ ಕಟ್ಟೋದಿಲ್ಲ. ಕ್ಯಾನಿನ ಬಾಡಿಗೆ ಮಾತ್ರ ನಮ್ಮ ತಲೆಗೆ. ಅಷ್ಟೇ ಅಲ್ಲ, ಪ್ರತಿ ಸಲ ಹೊಸದಾಗಿ ಕಿರಿದು ಮಾಡಿದಾಗ ಇನ್ನೊಂದಿಷ್ಟು ಹೋಗುತ್ತದೆ.

ತಂಬೂರಿ ಯಾಕೆ ಮೊದಲು ಸಿಕ್ಕಿಬೀಳುತ್ತದೆ ಅಂದರೆ, ಕುದುರೆಯ ಮೇಲೆ ತಂತಿಯ ಕೆಳಗೆ ಒಂದು ದಾರ ಇಡುತ್ತಾರಲ್ಲ, ಅದರಿಂದ ಹುಟ್ಟುವ ಝೇಂಕಾರದಲ್ಲಿ ಮೇಲಿನ ಸ್ವರಗಳು ನೂರಾರು ಇರುತ್ತವೆ, ನಿಧಾನವಾಗಿ ಬದಲಾಗುತ್ತಲೇ ಇರುತ್ತವೆ, ಎಲ್ಲೂ ನಿಲ್ಲೋದಿಲ್ಲ. ಬಿಟ್ ಕಡಿಮೆ ಇದ್ದಾಗ ಕೋಡೆಕ್ ಈ ಗಳಿಗೆ ಕೆಲವನ್ನು ಇಟ್ಟುಕೊಂಡು ಮುಂದಿನ ಗಳಿಗೆ ಅದನ್ನೇ ಬಿಟ್ಟು ಬೇರೆಯದನ್ನು ಹಿಡಿಯುತ್ತದೆ. ನಿಮಗೆ ಗುಳುಗುಳು ಅನ್ನಿಸೋದು ಅದೇ. ಮೃದಂಗದ್ದು ಬೇರೆ ಕಷ್ಟ. ಚಾಪು ಬೀಳುವ ಸದ್ದು ಕ್ಷಣಾರ್ಧದಲ್ಲಿ ಹುಟ್ಟುತ್ತದೆ, ಕೋಡೆಕ್ ಮಾತ್ರ ಸದ್ದನ್ನು ತುಂಡು ತುಂಡು ಮಾಡಿ ನೋಡುವ ಸ್ವಭಾವದ್ದು. ಹಾಗಾಗಿ ಆ ತುಂಡಿನ ಪೂರ್ತಿ ಗೊರಗೊರ ಹರಡಿ, ಪೆಟ್ಟು ಬೀಳುವ ಮೊದಲೇ ಒಂದು ಸಣ್ಣ ‘ಉಸ್’ ಕೇಳುತ್ತದೆ. ಘಟ, ಚಂಡೆ, ಭಜನೆಯ ತಾಳ ಎಲ್ಲಕ್ಕೂ ಇದೇ ಗತಿ. ನನ್ನನ್ನು ಕೇಳಿದರೆ ಸ್ಟೇಷನ್ ಪರೀಕ್ಷೆಗೆ ಭಜನೆಯ ತಾಳಕ್ಕಿಂತ ಒಳ್ಳೇ ಸಾಧನ ಇಲ್ಲ. ತಾಳ ‘ಟಿಂಗ್’ ಅಂತ ಹುಟ್ಟಿ ಕರಗಿಹೋದರೆ ಸ್ಟೇಷನ್ ಪಾಸು. ‘ಛಸ್’ ಅಂದರೆ ಮುಂದಕ್ಕೆ ಹೋಗಿ.

ಸ್ವಿಸ್‌ನವರು 128ರಲ್ಲೂ ಗೆಲ್ಲುವ ಗುಟ್ಟು ಇದೇ ಅಂತ ನನ್ನ ಊಹೆ. ಸಾರ್ವಜನಿಕ ಪ್ರಸಾರ ಸಂಸ್ಥೆ ಅದು, ಒಳ್ಳೇ ಮೂಲದಿಂದ ಒಂದೇ ಸಲ ಕಿರಿದು ಮಾಡಿದರೆ 128ರಲ್ಲೂ ಮಾನ ಉಳಿಯುತ್ತದೆ.

ಕರ್ನಾಟಕ ಸಂಗೀತಕ್ಕೆ ನಾನು ಕೇಳೋದು ಆಕಾಶವಾಣಿಯ ‘ರಾಗಂ’. 2016ರ ಜನವರಿ 26ರಂದು ಬೆಂಗಳೂರಿನಿಂದ ಶುರುವಾದ, ದಿನದ 24 ಗಂಟೆಯೂ ಶಾಸ್ತ್ರೀಯ ಸಂಗೀತವೇ ಬರುವ ಚಾನೆಲ್. ಪ್ರಸಾರ ಭಾರತಿಯ ನ್ಯೂಸ್ ಆನ್ ಏರ್ ಆ್ಯಪಿನಲ್ಲಿ ಸಿಗುತ್ತದೆ. ಅಲ್ಲಿ ಬರುವ ಹಳೇ ಕಛೇರಿಗಳು ಸ್ಟುಡಿಯೋದಲ್ಲಿ ಮೈಕಿನ ಮುಂದೆ ಶ್ರದ್ಧೆಯಿಂದ ಮುದ್ರಿಸಿದವು, ಮೂಲದ ಬಗ್ಗೆ ಅನುಮಾನ ಬೇಡ. ಹಳೇ ಟೇಪಿನ ಸುಂಯ್ ಸದ್ದು ಇದ್ದರೆ ಇರಲಿ ಬಿಡಿ, ಅದು ಗುಳುಗುಳು ಅಲ್ಲ. ಇನ್ನು ನೀವು ಮೈಸೂರಿನವರು ಬೇರೆ. ‘ಆಕಾಶವಾಣಿ’ ಅನ್ನುವ ಹೆಸರೇ 1935ರಲ್ಲಿ ನಿಮ್ಮೂರಿನಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ಮನೆಯಲ್ಲೇ ನಡೆಸಿದ ರೇಡಿಯೋದಿಂದ ಬಂದದ್ದು. ಆಕಾಶವಾಣಿಯನ್ನು ನಿಮಗೆ ಶಿಫಾರಸು ಮಾಡೋದು ಅಂದರೆ ಅಜ್ಜನಿಗೆ ಕೆಮ್ಮು ಕಲಿಸಿದ ಹಾಗೆ!

ಪ್ರಶ್ನೆ: ಸಾರ್, ಹಾಸ್ಟೆಲಿನಲ್ಲಿ ವೈಫೈ ಇಲ್ಲ. ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್. ರಾತ್ರಿ ಓದುವಾಗ ರೇಡಿಯೋ ಬೇಕು. ಒಳ್ಳೇ ಕ್ವಾಲಿಟಿ ಹಾಕಿದರೆ ಡೇಟಾ ಎಷ್ಟು ತಿನ್ನುತ್ತೆ?
– ಪದವಿ ವಿದ್ಯಾರ್ಥಿ, ಹಾಸನ

ಉತ್ತರ: ತಮ್ಮಾ, ಲೆಕ್ಕ ಸುಲಭ. ಬಿಟ್‌ರೇಟನ್ನು 0.45ರಿಂದ ಗುಣಿಸು, ಗಂಟೆಗೆ ಎಷ್ಟು ಎಂಬಿ ಅಂತ ಬರುತ್ತದೆ. 128 ಆದರೆ ಸುಮಾರು 58 ಎಂಬಿ, 192 ಆದರೆ 86, 320 ಆದರೆ 144. ರಾತ್ರಿ ನಾಲ್ಕು ಗಂಟೆ 320 ಕೇಳಿದರೂ 600 ಎಂಬಿ ದಾಟೋಲ್ಲ. ನೀನು ನೋಡುವ ರೀಲ್ಸ್ ಮುಂದೆ ಇದು ಉಪ್ಪಿನಕಾಯಿ. ಫ್ಲ್ಯಾಕ್ ಹಾಕಬೇಡ, ಅದು ಗಂಟೆಗೆ 400 ಎಂಬಿ ಆಸುಪಾಸು ಎಳೆಯುತ್ತದೆ.

ಇನ್ನೊಂದು ಮಾತು. ಕೆಲವು ಆ್ಯಪ್‌ಗಳಲ್ಲಿ ‘ಮೊಬೈಲ್ ಡೇಟಾದಲ್ಲಿ ಕಡಿಮೆ ಗುಣಮಟ್ಟ’ ಅನ್ನುವ ಆಯ್ಕೆ ಮೊದಲೇ ಆನ್ ಆಗಿರುತ್ತದೆ. ಸೆಟ್ಟಿಂಗ್ಸ್ ಒಳಗೆ ಹೋಗಿ ನೋಡು. ಮತ್ತೆ ಡೇಟಾ ಉಳಿಸಲೇಬೇಕು ಅಂದರೆ 64ರ ಎಂಪಿ3 ಬೇಡ, 64ರ ಎಎಸಿ ಪ್ಲಸ್ ಹುಡುಕು. ಅದು ಮೇಲಿನ ಸ್ವರಗಳನ್ನು ಪೂರ್ತಿ ಕಳಿಸದೆ, ಒಂದಿಷ್ಟು ಸುಳಿವು ಕೊಟ್ಟು ನಿನ್ನ ಫೋನಿನಲ್ಲೇ ಕಟ್ಟಿಸುತ್ತದೆ. ಅಸಲಿ ಅಲ್ಲ, ಆದರೆ ಕಾಮಗಾರಿ ಚೆನ್ನಾಗಿರುತ್ತದೆ. ಓದೋಕೆ ಸಾಕು. ಓದುತ್ತೀಯ ತಾನೆ?

ಪ್ರಶ್ನೆ: ನಾವು ಜರ್ಮನಿಯಲ್ಲಿದ್ದೇವೆ. ಸ್ನೇಹಿತರೊಬ್ಬರು ‘ಫ್ಲ್ಯಾಕ್ ಇಲ್ಲದಿದ್ದರೆ ಅದು ರೇಡಿಯೋನೇ ಅಲ್ಲ’ ಅನ್ನುತ್ತಾರೆ. ಅದಕ್ಕಾಗಿ ದುಬಾರಿ ಡಿ.ಎ.ಸಿ. (ಡಿಜಿಟಲ್ ಸಂಕೇತವನ್ನು ಸ್ಪೀಕರಿಗೆ ಹೊಂದುವಂತೆ ಬದಲಿಸುವ) ಪೆಟ್ಟಿಗೆ ತೆಗೆದುಕೊಂಡಿದ್ದಾರೆ. ನಾನೂ ತೆಗೆದುಕೊಳ್ಳಬೇಕಾ? ನನಗೆ ನಿಜವಾಗಿ ಬೇಕಾಗಿರುವುದು ಭಾನುವಾರ ಬೆಳಿಗ್ಗೆ ಒಳ್ಳೇ ಸಂಗೀತ ಮತ್ತು ನಮ್ಮ ಮೈಸೂರು ಆಕಾಶವಾಣಿ.
– ಓದುಗರು, ಸ್ಟುಟ್‌ಗಾರ್ಟ್

ಉತ್ತರ: ಮೊದಲು ಸ್ನೇಹಿತರ ಮಾತು. ಫ್ಲ್ಯಾಕ್ ಅಂದರೆ ಏನನ್ನೂ ಬಿಸಾಡದೆ ಬರೀ ಮಡಚಿ ಕಳಿಸುವುದು. ಬಿಚ್ಚಿದರೆ ಮೂಲ ಇದ್ದಂತೆಯೇ ಬರುತ್ತದೆ. ತಾತ್ವಿಕವಾಗಿ ಅದಕ್ಕಿಂತ ಮೇಲಿಲ್ಲ. ಆದರೆ ಸರಿಯಾಗಿ ತಯಾರಿಸಿದ 320ರ ಎಂಪಿ3 ಅಥವಾ 192ಕ್ಕಿಂತ ಮೇಲಿನ ಎಎಸಿಗೂ ಫ್ಲ್ಯಾಕ್‌ಗೂ ವ್ಯತ್ಯಾಸ ಗುರುತಿಸೋದು ಬಹುತೇಕರಿಗೆ ಆಗೋದಿಲ್ಲ. ನಂಬಿಕೆ ಇಲ್ಲದಿದ್ದರೆ ಅವರನ್ನು ಮನೆಗೆ ಕರೆದು ಕಾಫಿ ಕೊಟ್ಟು, ಬೆನ್ನು ತಿರುಗಿಸಿ ಕೂರಿಸಿ. ರೇಡಿಯೋ ಪ್ಯಾರಡೈಸ್‌ನ ಫ್ಲ್ಯಾಕ್ ಮತ್ತು 320 ಎರಡನ್ನೂ ಒಂದೇ ಸಮ ವಾಲ್ಯೂಮಿನಲ್ಲಿ, ಯಾವುದು ಅಂತ ಹೇಳದೆ ಹತ್ತು ಸಲ ಬದಲಿಸಿ. ವಾಲ್ಯೂಮ್ ಸಮ ಇರಲೇಬೇಕು, ಸ್ವಲ್ಪ ಜೋರಾಗಿ ಇರೋದೇ ‘ಚೆನ್ನಾಗಿದೆ’ ಅಂತ ಕಿವಿ ಮೋಸ ಹೋಗುತ್ತದೆ. ಹತ್ತಕ್ಕೆ ಒಂಬತ್ತು ಸರಿ ಹೇಳಿದರೆ ಅವರಿಗೆ ನಮಸ್ಕಾರ. ನಾನು ನನ್ನ ಮಗಳ ಕೈಯಲ್ಲಿ ಈ ಪರೀಕ್ಷೆಗೆ ಕೂತು ಹತ್ತಕ್ಕೆ ಐದು ತೆಗೆದುಕೊಂಡೆ. ಅಂದರೆ ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. ಐವತ್ತು ದಾಟಿದವರಿಗೆ ಹೇಗೂ ಮೇಲಿನ ಕೀರಲು ಸ್ವರಗಳು ಅಷ್ಟಾಗಿ ಕೇಳೋದಿಲ್ಲ ಅಂತ ಮಗಳು ಸಮಾಧಾನ ಬೇರೆ ಹೇಳಿದಳು.

ಹಾಗಂತ ಫ್ಲ್ಯಾಕ್ ಬೇಡ ಅಂತಲ್ಲ. ನಿಮ್ಮ ನೆಟ್ ಗಟ್ಟಿಯಾಗಿದ್ದರೆ, ಪುಕ್ಕಟೆ ಸಿಗುತ್ತಿದ್ದರೆ, ಹಾಕಿಕೊಳ್ಳಿ. ಅದರಲ್ಲಿ ಇನ್ನೊಂದು ಲಾಭ ಇದೆ. ಫ್ಲ್ಯಾಕ್ ಕಳಿಸುವಷ್ಟು ತಲೆ ಕೆಡಿಸಿಕೊಂಡವರು ಮೂಲವನ್ನೂ ಕಾಳಜಿಯಿಂದ ಆರಿಸಿರುತ್ತಾರೆ. ನಿಮ್ಮ ಪಕ್ಕದಲ್ಲೇ ಇರುವ ಚೆಕ್ ದೇಶದ ರೇಡಿಯೋದವರ ಡಿ-ದುರ್ ಅನ್ನುವ ಪಾಶ್ಚಾತ್ಯ ಶಾಸ್ತ್ರೀಯ ಚಾನೆಲ್ ಫ್ಲ್ಯಾಕ್‌ನಲ್ಲಿ ಬರುತ್ತದೆ. ಭಾನುವಾರ ಬೆಳಿಗ್ಗೆಗೆ ಹೇಳಿ ಮಾಡಿಸಿದ್ದು. ಫ್ಲ್ಯಾಕ್ ಅಲ್ಲದಿದ್ದರೂ ಭಾನುವಾರಕ್ಕೆ ಫಿಪ್ ಕೂಡ ಒಪ್ಪುತ್ತದೆ, 1971ರಿಂದ ನಡೆಯುತ್ತಿದೆ. ಒಂದು ಜಾಝ್ ಹಾಡು, ಅದರ ಬೆನ್ನಿಗೆ ಆಫ್ರಿಕಾದ್ದು, ಆಮೇಲೆ ಇನ್ನೆಲ್ಲಿಯದೋ, ಆದರೂ ಹೊಲಿಗೆ ಕಾಣೋದಿಲ್ಲ.

ಡಿ.ಎ.ಸಿ. ಬೇಡ. ಇದ್ದ ದುಡ್ಡನ್ನು ಸ್ಪೀಕರಿಗೆ ಹಾಕಿ, ಉಳಿದರೆ ಗೋಡೆಗೊಂದು ದಪ್ಪ ಪರದೆ. ಖಾಲಿ ಗೋಡೆಯ ಕೋಣೆಯಲ್ಲಿ ಯಾವ ಫ್ಲ್ಯಾಕ್ ಹಾಕಿದರೂ ಕಲ್ಯಾಣ ಮಂಟಪದ ಮೈಕಿನ ಹಾಗೆಯೇ ಇರುತ್ತದೆ.

ಮೈಸೂರು ಆಕಾಶವಾಣಿಗೂ ಮೇಲೆ ಹೇಳಿದ ನ್ಯೂಸ್ ಆನ್ ಏರ್ ಆ್ಯಪ್ಪೇ ದಾರಿ. ಅದರಲ್ಲಿ ಹೈಫೈ ಹುಡುಕಬೇಡಿ. ಊರಿನ ಹವಾಮಾನ, ರೈತರ ಕಾರ್ಯಕ್ರಮ ಕೇಳೋಕೆ ಹೈಫೈ ಯಾಕೆ ಬೇಕು? ಜರ್ಮನಿಯ ಚಳಿಯಲ್ಲಿ ‘ಇದು ಆಕಾಶವಾಣಿ ಮೈಸೂರು’ ಅಂತ ಕೇಳಿದರೆ 32 ಕೆಬಿಪಿಎಸ್‌ನಲ್ಲೂ ಕಣ್ಣು ಒದ್ದೆಯಾಗುತ್ತದೆ.

ಪ್ರಶ್ನೆ: ಈ ಕಾಲಂನಲ್ಲಿ ಸುಮ್ನೆ ಜನರ ತಲೆ ತಿನ್ನುತ್ತೀರಿ. ಎಫ್‌ಎಂ ರೇಡಿಯೋ ಇದೆ, ಡೇಟಾ ಬೇಡ, ಪುಕ್ಕಟೆ, ಧ್ವನಿನೂ ಚೆನ್ನಾಗಿದೆ. ಅಲ್ವಾ?
– ಓದುಗರು, ಬೆಂಗಳೂರು

ಉತ್ತರ: ಅರ್ಧ ಒಪ್ಪಿದೆ ಸ್ವಾಮಿ. ಬೆಂಗಳೂರಿನಲ್ಲಿ ಕಿಟಕಿ ಪಕ್ಕ ಒಂದು ವೈರ್ ನೇತುಹಾಕಿ ಆಕಾಶವಾಣಿಯ ಎಫ್‌ಎಂ 101.3 ಹಿಡಿದರೆ, ಎಷ್ಟೋ ಇಂಟರ್ನೆಟ್ ಸ್ಟ್ರೀಮ್‌ಗಳಿಗಿಂತ ದುಂಡಗಿನ ಧ್ವನಿ ಸಿಗುತ್ತದೆ. ಒಪ್ಪದ ಅರ್ಧ ಏನಂದರೆ, ಎಫ್‌ಎಂ ಸ್ಟಿರಿಯೋ 15 ಕಿಲೋಹರ್ಟ್ಜ್‌ಗೇ ನಿಲ್ಲುವಂತೆ ಕಟ್ಟಿದ ವ್ಯವಸ್ಥೆ. ಅದರ ಮೇಲೆ, 19ರಲ್ಲಿ, ಸ್ಟಿರಿಯೋ ಗುರುತಿನ ಒಂದು ಸಂಕೇತ ಕೂತಿರುತ್ತದೆ. ಆದರೂ ಅದಕ್ಕಿಂತ ದೊಡ್ಡ ತೊಂದರೆ ಜೋರು ಮಾಡುವ ಚಟ. 1975ರಲ್ಲಿ ಆರ್ಬನ್ ಕಂಪನಿಯ ಆಪ್ಟಿಮಾಡ್ ಬಂದ ಮೇಲೆ ಇಂಥ ಪೆಟ್ಟಿಗೆಗಳು ಎಫ್‌ಎಂ ಕೇಂದ್ರಗಳಲ್ಲಿ ಮನೆಮಾತಾದವು. ಮೆಲ್ಲಗಿದ್ದದ್ದನ್ನು ಎತ್ತುತ್ತದೆ, ಜೋರಾಗಿದ್ದದ್ದನ್ನು ತಗ್ಗಿಸುತ್ತದೆ, ಎಲ್ಲವೂ ಒಂದೇ ಮಟ್ಟ. ಬಸ್ಸಿನಲ್ಲಿ, ಆಟೋದಲ್ಲಿ ಕೇಳುವವರಿಗೆ ಅದು ಉಪಕಾರವೇ. ಮನೆಯಲ್ಲಿ ಕೂತು ಅರ್ಧ ಗಂಟೆ ಕೇಳಿದರೆ ತಲೆ ಸಿಡಿಯುತ್ತದೆ. ದುರಂತ ಅಂದರೆ ಬಹಳ ಖಾಸಗಿ ಎಫ್‌ಎಂಗಳು ಆ ಪೆಟ್ಟಿಗೆ ದಾಟಿ ಬಂದ ಸದ್ದನ್ನೇ ಇಂಟರ್ನೆಟ್ಟಿಗೂ ಕಳಿಸಿಬಿಡುತ್ತವೆ. ಅಲ್ಲಿ ಬಿಟ್‌ರೇಟ್ ಎಷ್ಟೇ ಏರಿಸಿದರೂ ಪ್ರಯೋಜನ ಇಲ್ಲ. ಇಂಟರ್ನೆಟ್‌ಗೆಂದೇ ಹುಟ್ಟಿದ ಸ್ಟೇಷನ್‌ಗಳನ್ನು ನಾನು ಮೊದಲು ಹೇಳಿದ್ದು ಇದೇ ಕಾರಣಕ್ಕೆ.

ಒಂದು ವಿಷಯದಲ್ಲಿ ಮಾತ್ರ ಎಫ್‌ಎಂ ಯಾವಾಗಲೂ ಗೆಲ್ಲುತ್ತದೆ. ಇಂಟರ್ನೆಟ್ ರೇಡಿಯೋ ಅರ್ಧ ನಿಮಿಷ, ಕೆಲವು ಸಲ ಇನ್ನೂ ಜಾಸ್ತಿ ತಡವಾಗಿ ಬರುತ್ತದೆ. ಕ್ರಿಕೆಟ್ ಕಾಮೆಂಟರಿ ಕೇಳುತ್ತಿದ್ದರೆ ವಿಕೆಟ್ ಬಿದ್ದದ್ದನ್ನು ಪಕ್ಕದ ಮನೆಯವರೇ ಮೊದಲು ಹೇಳುತ್ತಾರೆ.

ಪ್ರಶ್ನೆ: ನೀವು ಹೋದ ಸಲ ಹೇಳಿದ ಹಾಗೇ 320ರ ಸ್ಟೇಷನ್ ಹಾಕಿದೆ. ಬ್ಲೂಟೂತ್ ಸ್ಪೀಕರಿನಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ.
– ಬೆಣ್ಣೆ ದೋಸೆ ಅಂಗಡಿ ಮಾಲೀಕರು, ದಾವಣಗೆರೆ

ಉತ್ತರ: ಕಾಣೋದಿಲ್ಲ ಅಣ್ಣಾ. ಬಂದ ಸದ್ದನ್ನು ಫೋನು ಬಿಚ್ಚಿ, ಬ್ಲೂಟೂತ್‌ಗಾಗಿ ಮತ್ತೊಮ್ಮೆ ಕಿರಿದು ಮಾಡುತ್ತದೆ. ಎಲ್ಲಾ ಸ್ಪೀಕರಿಗೂ ಹೊಂದುವ ಎಸ್‌ಬಿಸಿ ಅನ್ನುವ ವಿಧಾನದಲ್ಲಿ ಸಾಮಾನ್ಯವಾಗಿ 328 ಕೆಬಿಪಿಎಸ್ ಮಿತಿ, ಮತ್ತು ಅದು ಎಂಪಿ3ಯಷ್ಟೂ ಜಾಣ ಅಲ್ಲ. ಸ್ಪೀಕರಿನ ಹಿಂದೆ ಆಕ್ಸ್ ತೂತು ಇದ್ದರೆ ನೂರು ರೂಪಾಯಿಯ ವೈರ್ ಹಾಕಿ ನೋಡಿ. ಆದರೆ ಹೆಂಚಿನ ಚುಂಯ್ ಸದ್ದು, ಗಿರಾಕಿಗಳ ಗದ್ದಲ, ಮಿಕ್ಸಿ ಇವುಗಳ ನಡುವೆ ನಿಮ್ಮ ಅಂಗಡಿಗೆ 128 ಧಾರಾಳ ಸಾಕು. ಅಲ್ಲಿಗೆ ಬರುವವರು ತಾಳದ ಟಿಂಗ್ ಕೇಳೋಕೆ ಬರೋದಿಲ್ಲ.

ಪ್ರಶ್ನೆ: ತಾಯಿಗೆ ಫೋನ್ ಒತ್ತೋಕೆ ಬರೋಲ್ಲ. ಗುಂಡಿ ತಿರುಗಿಸಿದರೆ ಹಾಡುವ ಇಂಟರ್ನೆಟ್ ರೇಡಿಯೋ ಪೆಟ್ಟಿಗೆ ಆನ್‌ಲೈನ್‌ನಲ್ಲಿ ನೋಡಿದೆ. ತೆಗೆದುಕೊಳ್ಳಲಾ?
– ಓದುಗರು, ಪುತ್ತೂರು

ಉತ್ತರ: ಆಸೆ ನನಗೂ ಇತ್ತು. ಆದರೆ ಆ ಪೆಟ್ಟಿಗೆಗಳ ಒಳಗೆ ಸ್ಟೇಷನ್ ಪಟ್ಟಿ ಇರೋದಿಲ್ಲ, ಕಂಪನಿಯ ಸರ್ವರಿನಲ್ಲಿ ಇರುತ್ತದೆ. ರೆಸಿವಾ ಅನ್ನುವ ಪಟ್ಟಿಯ ಸೇವೆ 2021ರಲ್ಲಿ ಬಾಗಿಲು ಹಾಕಿದಾಗ ಅದನ್ನು ನಂಬಿದ್ದ ಬೇರೆ ಬೇರೆ ಕಂಪನಿಗಳ ರೇಡಿಯೋಗಳು ಸ್ಟೇಷನ್ ಪಟ್ಟಿಯನ್ನೇ ಕಳೆದುಕೊಂಡವು. ಪೆಟ್ಟಿಗೆ ಗಟ್ಟಿಮುಟ್ಟು, ಹಾಡು ಇಲ್ಲ. ತೆಗೆದುಕೊಳ್ಳೋದಾದರೆ ಸ್ಟ್ರೀಮ್ ವಿಳಾಸವನ್ನು ನಾವೇ ತುಂಬುವ ಸೌಲಭ್ಯ ಇದೆಯಾ ಅಂತ ಮೊದಲು ಕೇಳಿ. ಇಲ್ಲ ಅಂದರೆ ಬೇಡ.

ನಾನು ನಮ್ಮಮ್ಮನಿಗೆ ಮಾಡಿಕೊಟ್ಟದ್ದು ಹೀಗೆ. ಡ್ರಾಯರಿನಲ್ಲಿ ಬಿದ್ದಿದ್ದ ಹಳೇ ಆಂಡ್ರಾಯ್ಡ್ ಫೋನಿನಿಂದ ಸಿಮ್ ತೆಗೆದು, ಟ್ರಾನ್ಸಿಸ್ಟರ್ ಅನ್ನುವ ಪುಟ್ಟ ಆ್ಯಪ್ ಹಾಕಿ, ಮೂರೇ ಮೂರು ಸ್ಟೇಷನ್ ಸೇರಿಸಿ, ಮುಖಪುಟದಲ್ಲಿ ಬೇರೇನೂ ಇಡದೆ, ಒಂದು ಜೊತೆ ಸ್ಪೀಕರಿಗೆ ವೈರ್ ಹಾಕಿ ಅಡುಗೆಮನೆಯ ಅಟ್ಟದ ಕೆಳಗೆ ಅಂಟಿಸಿದೆ. ಮೊದಲ ವಾರ ದಿನಾ ಫೋನ್ ಮಾಡಿ ‘ನಿಂತು ಹೋಯ್ತು’ ಅನ್ನುತ್ತಿದ್ದರು. ವೈಫೈ ಪೆಟ್ಟಿಗೆಯನ್ನು ದೇವರ ಮನೆ ಸ್ವಿಚ್ಚಿಗೆ ಹಾಕಿದ್ದೆ, ದೀಪ ಆರಿಸುವಾಗ ಅದನ್ನೂ ಆರಿಸುತ್ತಿದ್ದರು. ಸ್ವಿಚ್ ಬದಲಿಸಿದ ಮೇಲೆ ಸರಿಹೋಯಿತು. ಈಗ ನಾನು ಫೋನ್ ಮಾಡಿದರೆ ‘ಆಮೇಲೆ ಮಾಡು, ಪಲ್ಲವಿ ನಡೀತಾ ಇದೆ’ ಅನ್ನುತ್ತಾರೆ.